ಗುಡಾರ ಸೇರಿದ ಗಾಂಜಾ

ಜರ್ಮನಿಯಲ್ಲಿ 2024ರ ಏಪ್ರಿಲ್ 1ರಂದು ಹೊಸ ಕಾನೂನೊಂದು ಜಾರಿಗೆ ಬಂತು. ವಯಸ್ಕರು ಸ್ವಂತ ಬಳಕೆಗೆಂದು ಮನೆಯಲ್ಲಿ ಮೂರು ಗಾಂಜಾ ಗಿಡಗಳನ್ನು ಬೆಳೆದುಕೊಳ್ಳಬಹುದು ಎಂಬುದು ಅದರ ಒಂದು ಅಂಶ. ಉರುಗ್ವೆ ದೇಶ 2013ರಲ್ಲೇ ಮನೆಗೆ ಆರು ಗಿಡಗಳಿಗೆ ಅವಕಾಶ ಕೊಟ್ಟಿತ್ತು. ಕೆನಡಾ 2018ರ ಅಕ್ಟೋಬರ್ 17ರಿಂದ, ಕೆಲವು ಪ್ರಾಂತಗಳ ತಕರಾರಿನ ನಡುವೆಯೂ, ಮನೆಗೆ ನಾಲ್ಕು ಗಿಡ ಎಂದು ಲೆಕ್ಕ ಹಾಕಿತು. ಇಂಥ ದೇಶಗಳಲ್ಲಿ ಮೊದಲ ಬಾರಿಗೆ ಗಾಂಜಾ ಬೆಳೆಯಹೊರಟವರು ಗುದ್ದಲಿ ಹಿಡಿದು ಹಿತ್ತಲಿಗೆ ಹೋಗುವುದು ಕಡಿಮೆ. ಅವರು ಕಾಗದ ಪೆನ್ನು ಹಿಡಿದು ಒಂದು ಪಟ್ಟಿ ಬರೆಯುತ್ತಾರೆ. ಗುಡಾರ ಒಂದು, ದೀಪ ಒಂದು, ದೀಪ ಹತ್ತಿಸಿ ಆರಿಸುವ ಟೈಮರ್ ಒಂದು, ಗಾಳಿ ಹೊರಹಾಕುವ ಫ್ಯಾನು, ವಾಸನೆ ಹೀರುವ ಇದ್ದಿಲಿನ ಫಿಲ್ಟರು, ಕುಂಡಗಳು, ದ್ರವ ಗೊಬ್ಬರ. ಬೀಜದ ಸರದಿ ಬರುವುದು ಕೊನೆಗೆ!

ಹದ ನೋಡಿ ಬಿತ್ತುವ ನಮ್ಮ ರೈತನಿಗೆ ಇದು ಬೇಸಾಯದ ಪಟ್ಟಿಯಂತೆ ಕಾಣಲಾರದು. ಆಸ್ಪತ್ರೆಗೋ ಪ್ರಯೋಗಾಲಯಕ್ಕೋ ಬೇಕಾದ ಸಾಮಾನಿನಂತೆ ಕಂಡರೆ ಆಶ್ಚರ್ಯವಿಲ್ಲ. ಗುಡಾರವೆಂದರೆ ಜಾತ್ರೆಯಲ್ಲಿ ಹಾಕುವಂಥದಲ್ಲ. ಲೋಹದ ಕೊಳವೆಗಳ ಚೌಕಟ್ಟಿಗೆ ದಪ್ಪ ಬಟ್ಟೆ ಹೊದಿಸಿದ, ಬಟ್ಟೆಯ ಬೀರುವಿನಷ್ಟು ಗಾತ್ರದ ಗೂಡು. ಹೊರಗೆ ಕಪ್ಪು, ಒಳಗೆ ಬೆಳ್ಳಿಯ ಹೊಳಪು. ಜಿಪ್ ಎಳೆದರೆ ಒಳಗಿನ ಬೆಳಕಿನ ಒಂದು ಎಳೆಯೂ ಹೊರಗೆ ಬಾರದು, ಹೊರಗಿನದು ಒಳಗೆ ಹೋಗದು.

ಹಿಮಾಲಯದ ತಪ್ಪಲಲ್ಲಿ ಯಾರೂ ಬಿತ್ತದೆ, ಯಾರೂ ನೀರುಣಿಸದೆ ಆಳೆತ್ತರ ಬೆಳೆಯುವ ಗಿಡ ಇದು. ಬಿಸಿಲಿಗೆ, ಗಾಳಿಗೆ, ಕಲ್ಲುನೆಲಕ್ಕೆ ಅಂಜದ ಸಸ್ಯ. ಅದಕ್ಕೆ ಈ ಕೃತಕ ಸೂರ್ಯ, ಈ ಕೃತಕ ಗಾಳಿ ಏಕೆ ಬೇಕಾಯಿತು? ಉತ್ತರ ಹುಡುಕುತ್ತ ಹೋದರೆ ಒಂದು ಕಡೆ ಇನ್ನೂರು ವರ್ಷಗಳ ಸಸ್ಯವಿಜ್ಞಾನ, ಇನ್ನೊಂದು ಕಡೆ ಐವತ್ತು ವರ್ಷಗಳ ಪೊಲೀಸ್ ಇತಿಹಾಸ ಎದುರಾಗುತ್ತವೆ.

ವೈದ್ಯನ ಗಾಜಿನ ಪೆಟ್ಟಿಗೆ

ಪಟ್ಟಿಯಲ್ಲಿರುವ ಯಾವ ವಸ್ತುವೂ ಮೊದಲಿಗೆ ಗಾಂಜಾಕ್ಕೆಂದು ಹುಟ್ಟಿದ್ದಲ್ಲ. ಗಿಡವನ್ನು ಪೆಟ್ಟಿಗೆಯೊಳಗೆ ಸಾಕುವ ಯೋಚನೆಯನ್ನೇ ನೋಡಿ. ನಥಾನಿಯಲ್ ಬ್ಯಾಗ್‌ಶಾ ವಾರ್ಡ್ ಲಂಡನ್ನಿನ ಪೂರ್ವ ಭಾಗದಲ್ಲಿದ್ದ ವೈದ್ಯ. ಕಲ್ಲಿದ್ದಲ ಹೊಗೆಗೆ ಆತನ ಮನೆಯ ಗಿಡಗಳೆಲ್ಲ ಸಾಯುತ್ತಿದ್ದವು. 1829ರಲ್ಲಿ ಆತ ಪತಂಗದ ಕೋಶವೊಂದನ್ನು ಒದ್ದೆ ಮಣ್ಣಿನೊಂದಿಗೆ ಗಾಜಿನ ಸೀಸೆಯಲ್ಲಿಟ್ಟು ಮುಚ್ಚಿದ್ದ. ಪತಂಗ ಹೊರಬರುವುದನ್ನು ಕಾಯುತ್ತಿದ್ದವನಿಗೆ ಕಂಡದ್ದು ಮಣ್ಣಿನಿಂದ ಮೇಲೆದ್ದ ಒಂದು ಜರೀಗಿಡದ ಮೊಳಕೆ ಮತ್ತು ಹುಲ್ಲು. ಮುಚ್ಚಿದ ಗಾಜಿನೊಳಗೆ ನೀರು ಆವಿಯಾಗಿ, ಗಾಜಿಗೆ ತಾಗಿ, ಮತ್ತೆ ಮಣ್ಣಿಗಿಳಿಯುತ್ತಿತ್ತು. ಹೊಗೆ ಒಳಗೆ ಬರುತ್ತಿರಲಿಲ್ಲ.

1833ರಲ್ಲಿ ಇಂಥ ಎರಡು ಪೆಟ್ಟಿಗೆಗಳು ಲಂಡನ್ನಿನಿಂದ ಸಿಡ್ನಿಗೆ ಹಡಗಿನಲ್ಲಿ ಹೋದವು. ಗಿಡಗಳು ಬದುಕಿ ತಲುಪಿದವು. ಮುಂದೆ 'ವಾರ್ಡ್ ಪೆಟ್ಟಿಗೆ' ಸಾಮ್ರಾಜ್ಯಗಳ ಬೆಳೆಗಳನ್ನು ಖಂಡದಿಂದ ಖಂಡಕ್ಕೆ ಸಾಗಿಸಿತು. 1848ರ ನಂತರ ರಾಬರ್ಟ್ ಫಾರ್ಚೂನ್ ಚೀನಾದ ಚಹಾ ಸಸಿಗಳನ್ನು ಭಾರತದ ಹಿಮಾಲಯ ಸೀಮೆಗೆ ತಂದದ್ದೂ ಇಂಥ ಪೆಟ್ಟಿಗೆಗಳಲ್ಲೇ. 1851ರ ಲಂಡನ್ ಮಹಾಪ್ರದರ್ಶನದ ಸ್ಫಟಿಕ ಅರಮನೆಯಲ್ಲಿ ವಾರ್ಡನ ಪೆಟ್ಟಿಗೆಯೂ ಇತ್ತು. ಅದೇ ಅರಮನೆಯ ನೆನಪಿನಲ್ಲಿ ಬೆಂಗಳೂರಿನ ಲಾಲ್‌ಬಾಗಿನಲ್ಲಿ 1889ರಲ್ಲಿ ಗಾಜಿನ ಮನೆಗೆ ಅಡಿಗಲ್ಲು ಬಿತ್ತು.

ಗಾಜು ಗಾಳಿಯನ್ನು ಪಳಗಿಸಿತು. ಬೆಳಕನ್ನು ಪಳಗಿಸಲು ವಿದ್ಯುತ್ತು ಬರಬೇಕಾಯಿತು. 1880ರಲ್ಲಿ ವಿಲಿಯಂ ಸೀಮೆನ್ಸ್ ಇಂಗ್ಲೆಂಡಿನ ತನ್ನ ತೋಟದಲ್ಲಿ ಆರ್ಕ್ ದೀಪ ಉರಿಸಿ, ಹಗಲು ಬಿಸಿಲನ್ನೂ ರಾತ್ರಿ ದೀಪವನ್ನೂ ಕಂಡ ಗಿಡಗಳು ಹೆಚ್ಚು ಚೆನ್ನಾಗಿ ಬೆಳೆಯುತ್ತವೆ ಎಂದು ರಾಯಲ್ ಸೊಸೈಟಿಗೆ ವರದಿ ಮಾಡಿದ. ಬರಿಯ ದೀಪದ ಬೆಳಕು ಎಲೆಗಳನ್ನು ಸುಟ್ಟಾಗ ನಡುವೆ ಗಾಜು ಇಡಬೇಕೆಂಬುದನ್ನೂ ಆತ ಕಂಡುಕೊಂಡ. ಬೆಂಗಳೂರಿಗೆ ಬೀದಿ ದೀಪದ ವಿದ್ಯುತ್ ಬಂದದ್ದು ಇದಾದ ಕಾಲು ಶತಮಾನದ ಮೇಲೆ, 1905ರಲ್ಲಿ ಎಂಬುದನ್ನು ನೆನೆದರೆ ಆ ಪ್ರಯೋಗ ಎಷ್ಟು ಮುಂಚಿನದು ಎಂಬುದು ತಿಳಿಯುತ್ತದೆ.

ಮಣ್ಣನ್ನೂ ಬಿಟ್ಟುಬಿಡಬಹುದು ಎಂದು ತೋರಿಸಿದವನು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿಲಿಯಂ ಗೆರಿಕೆ. ಲವಣಗಳನ್ನು ಕರಗಿಸಿದ ನೀರಿನ ತೊಟ್ಟಿಗಳಲ್ಲಿ ಆತ ಟೊಮೆಟೊ ಬಳ್ಳಿಗಳನ್ನು ಮನೆಯೆತ್ತರ ಬೆಳೆಸಿದ. 1929ರಲ್ಲಿ ಪ್ರಕಟವಾದ ಈ ಪದ್ಧತಿಗೆ 1937ರಲ್ಲಿ 'ಹೈಡ್ರೋಪೋನಿಕ್ಸ್' ಎಂಬ ಹೆಸರು ಬಿತ್ತು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೇನೆ ಬರಡು ದ್ವೀಪಗಳಲ್ಲಿ ಸೈನಿಕರಿಗೆ ತರಕಾರಿ ಬೆಳೆದದ್ದು ಹೀಗೆ. 1946ರಲ್ಲಿ ಬಂಗಾಳದ ಕಾಲಿಂಪಾಂಗಿನಲ್ಲಿ ಶೋಲ್ಟೊ ಡಗ್ಲಾಸ್ ಎಂಬಾತ ಇದರ ಸರಳ ರೂಪವೊಂದನ್ನು ಪ್ರಯೋಗಕ್ಕಿಳಿಸಿದ.

ರಾತ್ರಿಯನ್ನು ಅಳೆಯುವ ಗಿಡ

ಪಟ್ಟಿಯಲ್ಲಿ ಎಲ್ಲಕ್ಕಿಂತ ಅಗ್ಗದ ವಸ್ತು ಟೈಮರ್. ಅದರ ಹಿಂದಿರುವ ವಿಜ್ಞಾನ ಮಾತ್ರ ದುಬಾರಿಯದು. ವಿಚಿತ್ರವೆಂದರೆ ಈ ಶೋಧದ ಆರಂಭದಲ್ಲೇ ಗಾಂಜಾ ಕುಲದ ಗಿಡವಿದೆ.

ಫ್ರಾನ್ಸಿನ ತರುಣ ಸಸ್ಯವಿಜ್ಞಾನಿ ಜೂಲಿಯನ್ ಟೂರ್ನುವಾ 1912ರ ಸುಮಾರಿಗೆ ಸೆಣಬಿನ ಜಾತಿಯ ಈ ಗಿಡವನ್ನೂ ಹಾಪ್ಸ್ ಬಳ್ಳಿಯನ್ನೂ ಬೆಳೆಸುತ್ತಿದ್ದ. ಚಳಿಗಾಲದ ಕೊನೆಯಲ್ಲಿ ಗಾಜಿನ ಮನೆಯಲ್ಲಿ ಬಿತ್ತಿದವು ಎಳೆಯದರಲ್ಲೇ ಹೂ ಬಿಡುತ್ತಿದ್ದವು. ಹಗಲಿನ ಬೆಳಕು ಸಿಗುವ ಗಂಟೆಗಳು ಕಡಿಮೆಯಾದರೆ ಹೂ ಬೇಗ ಬರುತ್ತದೆ ಎಂದು ಆತ ಕಂಡುಕೊಂಡ. ಮೊದಲ ಮಹಾಯುದ್ಧ ಅವನನ್ನು ಬಲಿ ತೆಗೆದುಕೊಂಡಿತು. ಕೆಲಸ ಅಲ್ಲಿಗೇ ನಿಂತಿತು.

1920ರಲ್ಲಿ ಅಮೆರಿಕದ ಕೃಷಿ ಇಲಾಖೆಯ ಗಾರ್ನರ್ ಮತ್ತು ಅಲ್ಲಾರ್ಡ್ ಅದೇ ಗಂಟನ್ನು ಪೂರ್ತಿ ಬಿಡಿಸಿದರು. ಅವರ ಮುಂದಿದ್ದುದು ಬೇಸಿಗೆಯಲ್ಲಿ ಎತ್ತರಕ್ಕೆ ಬೆಳೆದೂ ಹೂ ಬಿಡದ ಒಂದು ಬಗೆಯ ಹೊಗೆಸೊಪ್ಪು. ಪ್ರತಿ ಮಧ್ಯಾಹ್ನ ಆ ಗಿಡಗಳನ್ನು ಕತ್ತಲೆಯ ಕೊಟ್ಟಿಗೆಯೊಂದಕ್ಕೆ ತಳ್ಳಿ ಹಗಲನ್ನು ಮೊಟಕು ಮಾಡಿದಾಗ ಹೂ ಬಂತು. ಗಿಡಗಳು ಹಗಲಿರುಳಿನ ಅಳತೆ ನೋಡಿ ಹೂ ಬಿಡುತ್ತವೆ ಎಂಬುದು ಸಿದ್ಧವಾಯಿತು. ಗಿಡ ನಿಜಕ್ಕೂ ಅಳೆಯುವುದು ಹಗಲನ್ನಲ್ಲ, ಅಡಚಣೆಯಿಲ್ಲದ ರಾತ್ರಿಯ ಉದ್ದವನ್ನು ಎಂಬುದು 1938ರ ಪ್ರಯೋಗಗಳಲ್ಲಿ ಖಚಿತವಾಯಿತು. ಬೇಕೆಂದಾಗ ಕತ್ತಲು ಮಾಡುವ ಆ ಕೊಟ್ಟಿಗೆಯೇ ಇಂದಿನ ಕಪ್ಪು ಗುಡಾರದ ಅಜ್ಜ ಎಂದರೆ ತಪ್ಪಾಗದು.

ಕನ್ನಡ ನಾಡಿನ ಓದುಗರಿಗೆ ಈ ತತ್ವ ಕಣ್ಣೆದುರೇ ಇದೆ. ಚಿಕ್ಕಬಳ್ಳಾಪುರ, ಕೋಲಾರದ ಕಡೆ ರಾತ್ರಿ ಬಸ್ಸಿನಲ್ಲಿ ಹೋಗುವವರಿಗೆ ಹೊಲದ ತುಂಬ ಸಾಲು ಸಾಲು ಬಲ್ಬುಗಳು ಉರಿಯುವುದು ಕಾಣಿಸುತ್ತದೆ. ಅದು ಮದುವೆಯ ಅಲಂಕಾರವಲ್ಲ, ಸೇವಂತಿಗೆ ತೋಟ. ಸೇವಂತಿಗೆ ರಾತ್ರಿ ಉದ್ದವಾದಾಗ ಹೂ ಬಿಡುವ ಗಿಡ. ರಾತ್ರಿಯನ್ನು ಬೆಳಕಿನಿಂದ ಮುರಿದರೆ ಇನ್ನೂ ಬೇಸಿಗೆಯೇ ಇದೆ ಎಂದುಕೊಂಡು ಗಿಡ ಬೆಳೆಯುತ್ತ ಹೋಗುತ್ತದೆ. ದೀಪ ಆರಿಸಿದ ಮೇಲೆ ಮೊಗ್ಗು ಕಟ್ಟುತ್ತದೆ. ಹಬ್ಬದ ಮಾರುಕಟ್ಟೆಗೆ ಹೂವನ್ನು ಹೊಂದಿಸುವ ಲೆಕ್ಕ ಇದು. ಗಾಂಜಾ ಗಿಡದ ಲೆಕ್ಕವೂ ಇದೇ. ಗುಡಾರದೊಳಗೆ ದೀಪ ಉರಿಯುವ ಗಂಟೆ ಹೆಚ್ಚಿದ್ದಷ್ಟು ದಿನ ಅದು ಎಲೆಯಾಗಿ ಬೆಳೆಯುತ್ತದೆ, ಹಗಲು ರಾತ್ರಿಯನ್ನು ಸಮ ಮಾಡಿದರೆ ಹೂವಿಗೆ ತಿರುಗುತ್ತದೆ. ಋತು ಈಗ ಗೋಡೆಯ ಮೇಲಿನ ಒಂದು ಗುಂಡಿಯ ಅಧೀನ.

ನೌಗಾಂವಿನ ಜಾಣರು

ಮಾದಕತೆ ಇರುವುದು ಹೆಣ್ಣು ಗಿಡದ ಹೂತುದಿಯ ಅಂಟಿನಲ್ಲಿ. ಗಂಡು ಗಿಡದ ಪರಾಗ ಬಿದ್ದರೆ ಗಿಡದ ಶಕ್ತಿ ಬೀಜಕ್ಕೆ ಹೋಗುತ್ತದೆ. ಪರಾಗ ಸಿಗದಿದ್ದರೆ ಅದು ಹೂವನ್ನೂ ಅಂಟನ್ನೂ ಹೆಚ್ಚಿಸಿಕೊಳ್ಳುತ್ತದೆ. ಆದ್ದರಿಂದ ಗಂಡು ಗಿಡಗಳನ್ನು ಮೊದಲೇ ಕಿತ್ತುಹಾಕಬೇಕು. ಅಮೆರಿಕದಲ್ಲಿ 1970ರ ದಶಕದಲ್ಲಿ ಇದನ್ನು ಹೊಸ ವಿದ್ಯೆಯೆಂಬಂತೆ 'ಸಿನ್ಸೆಮಿಲ್ಲಾ' ಎಂದು ಕರೆದರು. ಸ್ಪ್ಯಾನಿಷ್ ಭಾಷೆಯಲ್ಲಿ 'ಬೀಜವಿಲ್ಲದ್ದು' ಎಂದು ಅರ್ಥ.

ಆದರೆ ಬಂಗಾಳದ ರಾಜಶಾಹಿ ಜಿಲ್ಲೆಯ ನೌಗಾಂವಿನ ರೈತರಿಗೆ ಇದು ಅದಕ್ಕಿಂತ ನೂರು ವರ್ಷ ಮೊದಲೇ ಗೊತ್ತಿತ್ತು. ಇಂದು ಬಾಂಗ್ಲಾದೇಶದಲ್ಲಿರುವ ಆ ಸೀಮೆ ಬ್ರಿಟಿಷರ ಕಾಲದಲ್ಲಿ ಸರ್ಕಾರಿ ಪರವಾನಗಿಯ 'ಗಾಂಜಾ ಮಹಲ್' ಆಗಿತ್ತು. ಗಂಡು ಗಿಡವನ್ನು ಹೂ ಅರಳುವ ಮೊದಲೇ ಗುರುತಿಸುವ ನಿಪುಣರಿಗೆ ಅಲ್ಲಿ 'ಪೋದ್ದಾರ' ಎಂಬ ಹೆಸರಿತ್ತು. ಆತ ಹೊಲದ ಸಾಲುಗಳಲ್ಲಿ ನಡೆಯುತ್ತ ಗಂಡು ಗಿಡಗಳನ್ನು ಆರಿಸಿ ತೆಗೆಸುತ್ತಿದ್ದ. ಫಸಲು ಸರ್ಕಾರಿ ಉಗ್ರಾಣ ಸೇರಿ, ಸುಂಕ ಕಟ್ಟಿ, ಅಂಗಡಿಗೆ ಹೋಗುತ್ತಿತ್ತು. ಸಸ್ಯವಿಜ್ಞಾನಿ ಡೇವಿಡ್ ಪ್ರೇನ್ 1893ರಲ್ಲಿ ಈ ಬೇಸಾಯವನ್ನು ಕುರಿತು ವರದಿ ಬರೆದಿದ್ದಾನೆ.

ಅದೇ ಹೊತ್ತಿಗೆ ಬ್ರಿಟಿಷ್ ಸಂಸತ್ತಿನಲ್ಲಿ ಗಾಂಜಾ ಬಗ್ಗೆ ಪ್ರಶ್ನೆ ಎದ್ದು, 1893ರಲ್ಲಿ ಭಾರತೀಯ ಗಾಂಜಾ ಆಯೋಗ ನೇಮಕವಾಯಿತು. ಮ್ಯಾಕ್‌ವರ್ತ್ ಯಂಗ್ ಅಧ್ಯಕ್ಷತೆಯ ಏಳು ಜನರ ಆಯೋಗದಲ್ಲಿ ಮೂವರು ಭಾರತೀಯರು. ಅವರು 1,193 ಸಾಕ್ಷಿಗಳನ್ನು ವಿಚಾರಿಸಿದರು. 1894ರಲ್ಲಿ ಸಲ್ಲಿಸಿದ ಬೃಹತ್ ವರದಿ ಹೇಳಿದ್ದಿಷ್ಟು: ಮಿತ ಬಳಕೆಯಿಂದ ಗಣನೀಯ ಕೆಡುಕಿಲ್ಲ, ಅತಿ ಬಳಕೆ ಹಾನಿಕರ, ಸಂಪೂರ್ಣ ನಿಷೇಧ ಬೇಡ, ಪರವಾನಗಿ ಮತ್ತು ಸುಂಕದ ಹತೋಟಿ ಸಾಕು. ಅಂದಿನ ಸರ್ಕಾರಕ್ಕೆ ಸುಂಕದ ಆದಾಯವೂ ಬೇಕಿತ್ತು ಎಂಬುದನ್ನು ಮರೆಯಬಾರದು. ಆದರೆ ಈ ಹತೋಟಿಯಡಿ ಗಿಡ ಬಯಲಲ್ಲೇ ಉಳಿಯಿತು. ಬಚ್ಚಿಟ್ಟು ಬೆಳೆಯುವ ಅಗತ್ಯ ಯಾರಿಗೂ ಹೆಚ್ಚಾಗಿ ಬೀಳಲಿಲ್ಲ.

ಹೆಲಿಕಾಪ್ಟರಿನ ನೆರಳು

ಗಿಡ ಮನೆಯೊಳಕ್ಕೆ ಓಡಿದ್ದು ಅಮೆರಿಕದಲ್ಲಿ. 1937ರ ತೆರಿಗೆ ಕಾನೂನಿನಿಂದ ಅಲ್ಲಿ ಗಾಂಜಾ ಕಾರ್ಯತಃ ನಿಷಿದ್ಧವಾಗಿತ್ತು. 1970ರ ಕಾನೂನು ಅದನ್ನು ಹೆರಾಯಿನ್ ಜೊತೆ ಅತ್ಯಂತ ಕಠಿಣ ಪಟ್ಟಿಗೆ ಸೇರಿಸಿತು. ಆದರೂ ಆ ಕಾಲದ ಗಾಂಜಾದ ಬಹುಪಾಲು ಹೊರಗಿನಿಂದ, ಮುಖ್ಯವಾಗಿ ಮೆಕ್ಸಿಕೊದಿಂದ ಬರುತ್ತಿತ್ತು. 1969ರ ಸೆಪ್ಟೆಂಬರ್ 21ರಂದು ನಿಕ್ಸನ್ ಸರ್ಕಾರ ಮೆಕ್ಸಿಕೊ ಗಡಿಯಲ್ಲಿ ವಾಹನಗಳನ್ನೆಲ್ಲ ತಡೆದು ಶೋಧಿಸಲು ಹೊರಟಿತು. ಮೂರು ವಾರ ಗಡಿಯ ವ್ಯಾಪಾರ ಅಸ್ತವ್ಯಸ್ತವಾದದ್ದೇ ಬಂತು. 1970ರ ದಶಕದ ನಡುವಿನಲ್ಲಿ ಮೆಕ್ಸಿಕೊದ ಗಾಂಜಾ ಹೊಲಗಳ ಮೇಲೆ ಪ್ಯಾರಾಕ್ವಾಟ್ ಎಂಬ ಕಳೆನಾಶಕ ಸಿಂಪಡಿಸಲಾಯಿತು. ವಿಷ ಸೇರಿದ ಸೊಪ್ಪು ಮಾರುಕಟ್ಟೆಗೆ ಬರುತ್ತಿದೆ ಎಂಬ ಭಯ 1978ರಲ್ಲಿ ಅಮೆರಿಕದ ಉದ್ದಗಲಕ್ಕೂ ಹಬ್ಬಿತು.

ಫಲ? ಕೊಳ್ಳುವವರು ಸ್ವದೇಶಿ ಮಾಲು ಕೇಳಿದರು. ಉತ್ತರ ಕ್ಯಾಲಿಫೋರ್ನಿಯಾದ ಹಂಬೋಲ್ಟ್, ಮೆಂಡೊಸಿನೊ, ಟ್ರಿನಿಟಿ ಜಿಲ್ಲೆಗಳ ಕಾಡುಬೆಟ್ಟಗಳಲ್ಲಿ ಬೇಸಾಯ ಹಬ್ಬಿತು. 1983ರಲ್ಲಿ ಅದನ್ನು ಕಿತ್ತುಹಾಕಲು ರಾಜ್ಯದ ಮತ್ತು ಕೇಂದ್ರದ ಪಡೆಗಳು ಸೇರಿ ಪ್ರತ್ಯೇಕ ಕಾರ್ಯಾಚರಣೆ ಆರಂಭಿಸಿದವು. ಫಸಲು ಮಾಗುವ ತಿಂಗಳುಗಳಲ್ಲಿ ಹೆಲಿಕಾಪ್ಟರುಗಳು ಕಾಡಿನ ಮೇಲೆ ಸುತ್ತತೊಡಗಿದವು. ಮೇಲಿನಿಂದ ನೋಡಿದರೆ ಗಾಂಜಾದ ಹಸಿರು ಬೇರೆಯಾಗಿಯೇ ಕಾಣುತ್ತದೆ. ಆಕಾಶದಿಂದ ಕಾಣದ ಜಾಗ ಒಂದೇ, ಅದು ಮನೆಯ ಮಾಡಿನ ಕೆಳಗೆ.

ಅಷ್ಟರಲ್ಲಿ ಬೇಕಾದ ಸಾಮಾನೆಲ್ಲ ಪೇಟೆಯಲ್ಲಿತ್ತು. 1960ರ ದಶಕದಲ್ಲಿ ಬೀದಿಗಳಿಗೆ ಬಂದ ಹಳದಿ ಬೆಳಕಿನ ಸೋಡಿಯಂ ದೀಪ, ಕಾರ್ಖಾನೆ ಮತ್ತು ಆಟದ ಮೈದಾನಗಳ ಮೆಟಲ್ ಹ್ಯಾಲೈಡ್ ದೀಪ ಬಟ್ಟೆಯ ಕಪಾಟಿನೊಳಗೆ ನೇತಾಡಿದವು. 1960ರ 'ಎಕೊ' ಬಲೂನು ಉಪಗ್ರಹಕ್ಕೆ ಬಳಸಿದಂಥ ಅಲ್ಯೂಮಿನಿಯಂ ಲೇಪದ ಮೈಲಾರ್ ಹಾಳೆ ಗೋಡೆಗೆ ಅಂಟಿ ಬೆಳಕನ್ನು ಗಿಡದತ್ತ ತಿರುಗಿಸಿತು. ಮೊದಲ ಮಹಾಯುದ್ಧದಲ್ಲಿ ವಿಷಾನಿಲದ ಮುಖವಾಡಗಳಿಗೆ ತುಂಬಿದ್ದ ಬಗೆಯ ಇದ್ದಿಲು ನೆರೆಮನೆಯ ಮೂಗಿಗೆ ವಾಸನೆ ತಲುಪದಂತೆ ತಡೆಯಿತು. ಆ ಕಟುವಾಸನೆಗೆ ಗಂಧಕದ ಸಂಯುಕ್ತಗಳೇ ಮುಖ್ಯ ಕಾರಣ ಎಂಬುದು ತಿಳಿದದ್ದು ತೀರ ಈಚೆಗೆ, 2021ರಲ್ಲಿ.

ಗಿಡವನ್ನೂ ಮನೆಗೆ ಹೊಂದಿಸಬೇಕಿತ್ತು. ಉಷ್ಣವಲಯದ ಗಾಂಜಾ ಹದಿನೈದು ಅಡಿ ಮೇಲೇರಬಲ್ಲದು, ಹೂ ಮಾಗಲು ತಿಂಗಳುಗಳು ಬೇಕು. ಆಫ್ಘಾನಿಸ್ತಾನದ ಬೆಟ್ಟಗಳ ತಳಿ ಮಾತ್ರ ಕುಳ್ಳು, ಬೇಗ ಮಾಗುವಂಥದು. 1970ರ ದಶಕದಲ್ಲಿ ಭೂಮಾರ್ಗವಾಗಿ ಕಾಬೂಲು, ದೆಹಲಿಗೆ ಬಂದು ಹೋದ ಹಿಪ್ಪಿಗಳ ಜೋಳಿಗೆಯಲ್ಲಿ ಆ ಬೀಜ ಪಶ್ಚಿಮಕ್ಕೆ ಹೋಯಿತು. ಮೆಕ್ಸಿಕೊ, ಕೊಲಂಬಿಯಾದ ತಳಿಗಳೊಂದಿಗೆ ಅದನ್ನು ಬೆರೆಸಿ ಹುಟ್ಟಿದ್ದೇ ಪ್ರಸಿದ್ಧ 'ಸ್ಕಂಕ್'. ಹೆಸರಿನ ಗೊಂದಲವೊಂದನ್ನು ಇಲ್ಲಿ ಹೇಳಬೇಕು. 1785ರಲ್ಲಿ ಫ್ರಾನ್ಸಿನ ಲಾಮಾರ್ಕ್ 'ಇಂಡಿಕಾ' ಎಂದು ಹೆಸರಿಟ್ಟದ್ದು ಭಾರತದಿಂದ ಹೋದ ಗಿಡಕ್ಕೆ. ಇಂದು ಬೀಜದ ವ್ಯಾಪಾರಿಗಳು 'ಇಂಡಿಕಾ' ಎಂದು ಮಾರುವುದು ಬಹುಮಟ್ಟಿಗೆ ಆಫ್ಘನ್ ಮೂಲದ ಕುಳ್ಳು ಗಿಡವನ್ನು!

ಈ ಬೀಜಗಳಿಗೆ ತವರಾದದ್ದು ಹಾಲೆಂಡ್. 1976ರಲ್ಲಿ ಆ ದೇಶ ಅಫೀಮು ಕಾನೂನನ್ನು ತಿದ್ದಿ, ಸ್ವಲ್ಪ ಪ್ರಮಾಣದ ಗಾಂಜಾ ಇಟ್ಟುಕೊಂಡವರ ಮೇಲೆ ಕಠಿಣ ಕ್ರಮ ಬೇಡವೆಂದಿತು. ಆದರೆ 'ಕಾಫಿ ಶಾಪ್'ಗಳಲ್ಲಿ ಮಾರಾಟ ಸಹ್ಯ, ಆ ಅಂಗಡಿಗೆ ಮಾಲು ಬೆಳೆದು ಕೊಡುವುದು ಅಪರಾಧ ಎಂಬ ವಿಚಿತ್ರ ಸ್ಥಿತಿ ಉಳಿಯಿತು. ಮುಂಬಾಗಿಲು ತೆರೆದು ಹಿಂಬಾಗಿಲು ಮುಚ್ಚಿದ ಈ ಮನೆಯನ್ನು ಸರಿಪಡಿಸಲು, ಕೆಲವೇ ನಗರಗಳಲ್ಲಿ ಪರವಾನಗಿ ಬೇಸಾಯದ ಪ್ರಯೋಗವನ್ನು ಡಚ್ಚರು ಆರಂಭಿಸಿದ್ದು 2023ರ ಡಿಸೆಂಬರಿನಲ್ಲಿ.

ಬಿಸಿ ಗೋಡೆಯ ಮೊಕದ್ದಮೆ

ಗಿಡ ಒಳಗೆ ಹೋದರೆ ಪೊಲೀಸರು ಬಿಡುತ್ತಾರೆಯೇ? 1989ರ ಅಕ್ಟೋಬರ್ 26ರಂದು ಅಮೆರಿಕದ ಮಾದಕ ವಸ್ತು ನಿಗ್ರಹ ಇಲಾಖೆ 46 ರಾಜ್ಯಗಳಲ್ಲಿ ಒಟ್ಟಿಗೆ ದಾಳಿ ನಡೆಸಿತು. ಗುರಿ ಗಾಂಜಾ ಮಾರುವವರಲ್ಲ, ತೋಟದ ದೀಪ ಮತ್ತು ಗೊಬ್ಬರ ಮಾರುವ ಅಂಗಡಿಗಳು ಮತ್ತು ಅವುಗಳ ಗಿರಾಕಿಗಳು. ಗಾಂಜಾ ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟ ಅಂಗಡಿಗಳ ಲೆಕ್ಕಪುಸ್ತಕದಿಂದ ಹೆಸರುಗಳನ್ನು ಹೆಕ್ಕಲಾಯಿತು. ಮಲ್ಲಿಗೆ, ಆರ್ಕಿಡ್ ಬೆಳೆಯಲು ದೀಪ ಕೊಂಡವನೂ ಅನುಮಾನದ ಪಟ್ಟಿಗೆ ಸೇರುವ ಕಾಲ ಅದು.

ಇನ್ನೂ ಮುಂದೆ ಹೋದ ಪ್ರಸಂಗವೊಂದಿದೆ. 1992ರ ಜನವರಿಯ ಒಂದು ರಾತ್ರಿ ಆರಿಗನ್ ರಾಜ್ಯದ ಫ್ಲಾರೆನ್ಸ್ ಪಟ್ಟಣದಲ್ಲಿ ಅಧಿಕಾರಿಗಳು ರಸ್ತೆಯಲ್ಲಿ ಕಾರು ನಿಲ್ಲಿಸಿ, ಶಾಖ ಗುರುತಿಸುವ ಕ್ಯಾಮೆರಾವನ್ನು ಒಂದು ಮನೆಯತ್ತ ತಿರುಗಿಸಿದರು. ಗ್ಯಾರೇಜಿನ ಮಾಡೂ ಪಕ್ಕದ ಗೋಡೆಯೂ ಅಕ್ಕಪಕ್ಕದ ಮನೆಗಳಿಗಿಂತ ಬಿಸಿಯಾಗಿದ್ದವು. ಆ ಆಧಾರದ ಜೊತೆಗೆ ವಿದ್ಯುತ್ ಬಿಲ್ಲು ಸೇರಿಸಿ ವಾರಂಟ್ ಪಡೆದರು. ಒಳಗೆ ನೂರಕ್ಕೂ ಹೆಚ್ಚು ಗಿಡಗಳು ಸಿಕ್ಕವು.

'ಕೈಲೋ ಮೊಕದ್ದಮೆ' ಎಂದು ಪ್ರಸಿದ್ಧವಾದ ಇದು ಸುಪ್ರೀಂ ಕೋರ್ಟಿಗೆ ಹೋಯಿತು. 2001ರ ಜೂನ್ 11ರಂದು 5-4 ಬಹುಮತದಿಂದ ತೀರ್ಪು ಬಂತು. ಸಾರ್ವಜನಿಕ ಬಳಕೆಯಲ್ಲಿಲ್ಲದ ಯಂತ್ರದಿಂದ ಮನೆಯ ಒಳಗಿನ ವಿಷಯ ತಿಳಿಯುವುದೂ ಶೋಧನೆಯೇ, ಅದಕ್ಕೆ ಮೊದಲೇ ವಾರಂಟ್ ಬೇಕು ಎಂದು ನ್ಯಾಯಮೂರ್ತಿ ಸ್ಕಾಲಿಯಾ ಬರೆದರು. ಮನೆಯೊಡತಿ ಸ್ನಾನ ಮಾಡುವ ಹೊತ್ತು ಯಾವುದೆಂದೂ ಇಂಥ ಯಂತ್ರ ಹೇಳೀತು ಎಂಬ ಆತಂಕ ತೀರ್ಪಿನಲ್ಲಿದೆ. ಸಂಪ್ರದಾಯಸ್ಥರೆಂದು ಹೆಸರಾದ ನ್ಯಾಯಮೂರ್ತಿಯೊಬ್ಬರು ಗಾಂಜಾ ಬೆಳೆದವನ ಮೊಕದ್ದಮೆಯಲ್ಲಿ ಎಲ್ಲ ನಾಗರಿಕರ ಮನೆಯ ಮರ್ಯಾದೆಯನ್ನು ಕಾಯಬೇಕಾಗಿ ಬಂದದ್ದು ಗಮನಾರ್ಹ.

ಸೂರ್ಯನಿಗೆ ಬದಲಾಗಿ ಮೀಟರು

ಕ್ಯಾಲಿಫೋರ್ನಿಯಾದ ಮತದಾರರು 1996ರ ನವೆಂಬರಿನಲ್ಲಿ ಔಷಧಕ್ಕೆಂದು ಗಾಂಜಾ ಬೆಳೆಯಲು ಒಪ್ಪಿದರು. 2012ರಲ್ಲಿ ಕೊಲರಾಡೊ ಮತ್ತು ವಾಷಿಂಗ್ಟನ್ ರಾಜ್ಯಗಳು ಬರಿಯ ಬಳಕೆಗೂ ಒಪ್ಪಿದವು. ಭಯ ಕಡಿಮೆಯಾದ ಮೇಲೆ ಗಿಡ ಬಯಲಿಗೆ ಮರಳಬೇಕಿತ್ತಲ್ಲವೇ? ಹಾಗಾಗಲಿಲ್ಲ. ಬಚ್ಚಿಡಲು ಕಲಿತ ವಿದ್ಯೆಯೇ ಉದ್ಯಮವಾಯಿತು. 2000ದ ನಂತರದ ವರ್ಷಗಳಲ್ಲಿ ಕಪಾಟು, ನೆಲಮಾಳಿಗೆಗಳ ಜಾಗಕ್ಕೆ ಸಿದ್ಧ ಗುಡಾರಗಳು ಬಂದವು. ನೀಲಿ ಎಲ್‌ಇಡಿಯ ಶೋಧಕ್ಕೆ 2014ರಲ್ಲಿ ಮೂವರು ವಿಜ್ಞಾನಿಗಳಿಗೆ ನೊಬೆಲ್ ಬಂದ ಹೊತ್ತಿಗೆ, ಸೋಡಿಯಂ ದೀಪದ ಬದಲು ಕಡಿಮೆ ಬಿಸಿಯ ಎಲ್‌ಇಡಿ ತೂಗುಹಾಕುವುದು ಶುರುವಾಗಿತ್ತು. ವರ್ಷಕ್ಕೆ ಹಲವು ಫಸಲು, ಒಂದೇ ಹದದ ಹೂವು, ಮಳೆ ಕೀಟಗಳ ಕಾಟವಿಲ್ಲ ಎಂಬ ಅನುಕೂಲಗಳು ಹೊರಗಿನ ಬಿಸಿಲನ್ನು ಸೋಲಿಸಿದವು.

ಇದಕ್ಕೆ ತೆರುವ ಬೆಲೆ ಎರಡು ಬಗೆಯದು. ಒಂದು ವಿದ್ಯುತ್ತಿನದು. ಇವಾನ್ ಮಿಲ್ಸ್ ಎಂಬ ಇಂಧನ ತಜ್ಞ 2012ರಲ್ಲಿ ಪ್ರಕಟಿಸಿದ ಅಂದಾಜಿನಂತೆ ಒಳಾಂಗಣ ಗಾಂಜಾ ಬೇಸಾಯವೇ ಅಮೆರಿಕದ ಒಟ್ಟು ವಿದ್ಯುತ್ತಿನ ಶೇ 1ರಷ್ಟನ್ನು ನುಂಗುತ್ತಿತ್ತು. 2021ರಲ್ಲಿ ಕೊಲರಾಡೊ ರಾಜ್ಯ ವಿಶ್ವವಿದ್ಯಾಲಯದ ಅಧ್ಯಯನ ಇನ್ನೊಂದು ಲೆಕ್ಕ ಕೊಟ್ಟಿತು. ಒಳಗೆ ಬೆಳೆದ ಒಂದು ಕಿಲೊ ಒಣ ಹೂವಿಗೆ, ಊರಿನ ಹವೆಯನ್ನವಲಂಬಿಸಿ, 2,283ರಿಂದ 5,184 ಕಿಲೊ ಇಂಗಾಲದ ಡೈ ಆಕ್ಸೈಡಿಗೆ ಸಮನಾದ ಅನಿಲ ವಾತಾವರಣ ಸೇರುತ್ತದೆ. ಪುಕ್ಕಟೆ ಸಿಗುವ ಬಿಸಿಲನ್ನು ಮೀಟರಿನ ಮೂಲಕ ಕೊಂಡದ್ದರ ಫಲ ಇದು.

ಇನ್ನೊಂದು ಬೆಲೆ ಮಿದುಳಿನದು. ಅಮೆರಿಕದಲ್ಲಿ ವಶಪಡಿಸಿಕೊಂಡ ಗಾಂಜಾದಲ್ಲಿ ಅಮಲು ತರುವ ಟಿಎಚ್‌ಸಿ ಅಂಶ 1995ರಲ್ಲಿ ಸುಮಾರು ಶೇ 4 ಇದ್ದದ್ದು 2014ರಲ್ಲಿ ಸುಮಾರು ಶೇ 12ಕ್ಕೆ ಏರಿತ್ತು. ಬೀಜವಿಲ್ಲದ ಹೂವು, ಆಯ್ದ ತಳಿ, ಅಳೆದ ಬೆಳಕು ಇವೆಲ್ಲ ಸೇರಿದ ಪರಿಣಾಮ ಅದು. ಯುರೋಪಿನ ಹಲವು ನಗರಗಳನ್ನೂ ಬ್ರೆಜಿಲನ್ನೂ ಒಳಗೊಂಡು 2019ರಲ್ಲಿ ಪ್ರಕಟವಾದ ಅಧ್ಯಯನವೊಂದು, ತೀಕ್ಷ್ಣ ಗಾಂಜಾವನ್ನು ದಿನವೂ ಸೇದುವವರಲ್ಲಿ ಚಿತ್ತವಿಕಾರದ ಸಂಭವ ಎಂದೂ ಸೇದದವರಿಗಿಂತ ಐದು ಪಟ್ಟಿನ ಹತ್ತಿರ ಇದೆ ಎಂದಿತು. ಕಾರಣ ಯಾವುದು, ಪರಿಣಾಮ ಯಾವುದು ಎಂಬ ಚರ್ಚೆ ಮುಗಿದಿಲ್ಲ. ಆದರೆ 1894ರ ಆಯೋಗ ವಿಚಾರಿಸಿದ ಗಾಂಜಾವೂ ಇಂದಿನ ಗುಡಾರದ ಗಾಂಜಾವೂ ಒಂದೇ ಎಂದು ವಾದಿಸುವವರು ಈ ಅಂಕಿಗಳನ್ನು ಎದುರಿಸಬೇಕು. ನಿಷೇಧವೇ ಎಲ್ಲಕ್ಕೂ ಮದ್ದು ಎನ್ನುವವರೂ, ಗಿಡವನ್ನು ದೀಪದ ಕೆಳಗೆ ಅಟ್ಟಿದ್ದು ಯಾವುದು ಎಂದು ಕೇಳಿಕೊಳ್ಳಬೇಕು.

ನಮ್ಮಲ್ಲಿ ಒಂದು ಕುಂಡವೂ ಅಪರಾಧ

ಭಾರತದ ಕಥೆ ಬೇರೆ ದಾರಿ ಹಿಡಿಯಿತು. 1961ರ ಅಂತರರಾಷ್ಟ್ರೀಯ ಒಪ್ಪಂದ ಗಾಂಜಾ ಮತ್ತು ಚರಸ್ಸನ್ನು ಕಟ್ಟುನಿಟ್ಟಿನ ಹತೋಟಿಗೆ ತಂದಿತು. ಎಲೆ ಮಾತ್ರ ಅದರ ವ್ಯಾಖ್ಯೆಯಿಂದ ಹೊರಗುಳಿಯಿತು. ಹಳೆಯ ರೂಢಿಗಳನ್ನು ನಿಲ್ಲಿಸಲು ದೇಶಗಳಿಗೆ 25 ವರ್ಷಗಳ ಗಡುವು ಸಿಕ್ಕಿತು. ಆ ಗಡುವು ಮುಗಿಯುತ್ತ ಬಂದಾಗ ಭಾರತ ಮಾದಕ ವಸ್ತುಗಳ ಕಾಯ್ದೆಯನ್ನು ತಂದಿತು. 1985ರ ನವೆಂಬರ್ 14ರಂದು ಅದು ಜಾರಿಯಾಯಿತು. ಅಲ್ಲಿಯವರೆಗೆ ಹಲವು ರಾಜ್ಯಗಳಲ್ಲಿ ಸರ್ಕಾರಿ ಪರವಾನಗಿಯ ಅಂಗಡಿಯಲ್ಲೇ ಸಿಗುತ್ತಿದ್ದ ಗಾಂಜಾ ಅಪರಾಧದ ಸರಕಾಯಿತು.

ಈ ಕಾಯ್ದೆಯ ಕಣ್ಣಿಗೆ ಹೊಲಕ್ಕೂ ಗುಡಾರಕ್ಕೂ ಭೇದವಿಲ್ಲ. ಪರವಾನಗಿಯಿಲ್ಲದೆ ಗಾಂಜಾ ಗಿಡ ಬೆಳೆಯುವುದಕ್ಕೆ 20ನೇ ಕಲಮಿನಂತೆ ಹತ್ತು ವರ್ಷಗಳವರೆಗೆ ಕಠಿಣ ಸಜೆ ಮತ್ತು ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಇಷ್ಟು ಗಿಡಗಳವರೆಗೆ ಮಾಫಿ ಎಂಬ ಮಾತು ಅದರಲ್ಲಿಲ್ಲ. ಬಾಲ್ಕನಿಯ ಕುಂಡದಲ್ಲಿ, ಬಾಡಿಗೆ ಮನೆಯ ಕೋಣೆಯಲ್ಲಿ ಗಾಂಜಾ ಬೆಳೆಸಿದ ಪ್ರಕರಣಗಳು ಬೆಂಗಳೂರಿನಲ್ಲೂ ದಾಖಲಾಗಿವೆ. ವಿದೇಶದ ಕಾನೂನನ್ನು ನಂಬಿ ಇಲ್ಲಿ ಪಟ್ಟಿ ಬರೆಯುವ ಹುಡುಗರು ಅರಿಯಬೇಕಾದ ಸಂಗತಿ ಇದು. ಭಂಗಿಯ ವಿಷಯ ಮಾತ್ರ ಬೇರೆ. ಹೂತುದಿಯಿಲ್ಲದ ಎಲೆ ಕಾಯ್ದೆಯ ಗಾಂಜಾ ವ್ಯಾಖ್ಯೆಯಲ್ಲಿ ಬರುವುದಿಲ್ಲ. 2022ರಲ್ಲಿ ಜಾಮೀನು ಅರ್ಜಿಯೊಂದನ್ನು ಪರಿಶೀಲಿಸುವಾಗ ಕರ್ನಾಟಕ ಹೈಕೋರ್ಟ್ ಕೂಡ ಈ ಕಾಯ್ದೆಯಲ್ಲಿ ಭಂಗಿಯ ಹೆಸರಿಲ್ಲ ಎಂಬುದನ್ನು ಎತ್ತಿ ಹೇಳಿತು.

ನಿಲುವುಗಳು ನಿಧಾನವಾಗಿ ಸಡಿಲುತ್ತಿವೆ. ಮಾದಕತೆ ಅತ್ಯಲ್ಪವಿರುವ, ನಾರಿಗೆಂದು ಬೆಳೆಯುವ ತಳಿಗೆ ಉತ್ತರಾಖಂಡ 2018ರಲ್ಲಿ ಪರವಾನಗಿ ಕೊಡಲಾರಂಭಿಸಿತು. 2020ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಾದಕ ವಸ್ತು ಆಯೋಗ ಗಾಂಜಾವನ್ನು ಅತ್ಯಂತ ಅಪಾಯಕಾರಿ ವಸ್ತುಗಳ ನಾಲ್ಕನೇ ಪಟ್ಟಿಯಿಂದ ತೆಗೆದಾಗ 27 ದೇಶಗಳು ಪರವಾಗಿ, 25 ದೇಶಗಳು ವಿರುದ್ಧವಾಗಿ ಮತ ಹಾಕಿದವು. ಪರವಾಗಿ ಹಾಕಿದವುಗಳಲ್ಲಿ ಭಾರತವೂ ಇತ್ತು. ಆದರೆ ಇಲ್ಲಿನ ಕಾಯ್ದೆಯ 20ನೇ ಕಲಂ ಇದ್ದಲ್ಲೇ ಇದೆ.

ಚಿಕ್ಕಬಳ್ಳಾಪುರದ ಹೊಲದಲ್ಲಿ ರಾತ್ರಿಯಿಡೀ ಉರಿಯುವ ಬಲ್ಬಿನ ಕೆಳಗೆ ಸೇವಂತಿಗೆ ಬಯಲಿನಲ್ಲೇ ನಿಂತಿದೆ. ಬರ್ಲಿನ್ನಿನ ಮನೆಯೊಂದರಲ್ಲಿ ಅದೇ ಬೆಳಕಿನ ಲೆಕ್ಕಕ್ಕೆ ತಲೆಬಾಗುವ ಇನ್ನೊಂದು ಗಿಡ, ಮಕ್ಕಳ ಕೈಗೆ ಸಿಗದಂತೆ ಕಾಪಾಡಬೇಕೆಂಬ ಕಾನೂನಿನ ಷರತ್ತಿನಂತೆ, ಬೀಗದ ಹಿಂದೆ ನಿಂತಿದೆ. ಹಗಲು ಇರುಳನ್ನು ಅಳೆಯುವುದರಲ್ಲಿ ಎರಡೂ ಗಿಡಗಳು ಸಮಾನರು. ಒಂದನ್ನು ಹೊಲದಲ್ಲೂ ಇನ್ನೊಂದನ್ನು ಗುಡಾರದಲ್ಲೂ ಇರಿಸಿದ್ದು ಮನುಷ್ಯರು ಬರೆದ ಕಾನೂನು.